ಸೋಮವಾರ ಹೂಡಿದ ಗಾಡಿ

“ಮತ್ತ ಗೆಜ್ಜಿರಿ ಬಾಯಾರ! ಎತ್ತಿಗಿ ಇರೂದು ಒಂದ ಕೊಳ್ಳ. ನನ್ನ ಕಡೆ ಗೆಜ್ಜಿಪಟ್ಟಿ ಇಡೀ ಊರ ದನಕ್ಕ ಸಾಲೂವಷ್ಟ ಆಗ್ಯಾವು!”

ಮಾಳೇಶ ಮೊಬೈಲನ್ನು ನನ್ನ ಮೂಗಿನ ತುದಿಗೆ ತಂದು ಹಿಡಿದ. ನಾನು ಕೇಳಿದ್ದು ಗೆಜ್ಜೆಯ ಸಮಾಚಾರವಲ್ಲ. ಮಹಾದೇವನನ್ನು ಕೊನೆಯ ಸಲ ಕಣ್ಣಾರೆ ಕಂಡದ್ದು ಎಲ್ಲಿ ಎಂದು ಕೇಳಿದ್ದೆ. ಬೆಳಗಿನಿಂದ ಏಕಸಂಬಿಯ ಈ ಮೊಬೈಲ್ ಅಂಗಡಿಯಲ್ಲಿ ಕುಳಿತು ಅದನ್ನೇ ಕೇಳುತ್ತಿದ್ದೆ. ಬರುತ್ತಿದ್ದ ಉತ್ತರ ಮಾತ್ರ ಪೆಟ್ಟಿಗೆ, ಪೆಟ್ಟಿಗೆ, ಪೆಟ್ಟಿಗೆ.

“ಮಾಳೇಶ, ಮನುಷ್ಯಾ ಕಳದಾನ. ನಿನ್ನ ಗೆಜ್ಜಿ ಆಮ್ಯಾಲೆ ನೋಡೂಣು.”

“ಮನುಷ್ಯಾ ಎಲ್ಲಿ ಕಳದಾನರಿ? ಆಟದಾಗ ಅದಾನ. ಕಳದದ್ದು ನಮ್ಮ ರೊಕ್ಕ!”

ಅಂಗಡಿಯಲ್ಲಿ ನೆರೆದಿದ್ದವರೆಲ್ಲ ಹೋ ಎಂದು ದನಿಗೂಡಿಸಿದರು. ಅಂಗಡಿ ಮಾಲೀಕ ಧನಪಾಲ ತಲೆ ಎತ್ತಲಿಲ್ಲ. ಅವನಿಗೆ ಈ ಗದ್ದಲ ಕೇಳಿ ಕೇಳಿ ಕಿವಿ ಕಿವುಡಾಗಿತ್ತು.

ನಾನು ನೀಲಮ ಕಾಂಬಳೆ. ಚಿಕ್ಕೋಡಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ ಖಾಸಗಿ ಪತ್ತೇದಾರಿಕೆ ಮಾಡುತ್ತೇನೆ. ಬರುವ ಕೆಲಸವೆಲ್ಲ ಹೆಚ್ಚಾಗಿ ಮದುವೆಗೆ ಮುಂಚಿನ ವಿಚಾರಣೆ. ಹುಡುಗ ಕುಡಿಯುತ್ತಾನೆಯೇ, ಹೇಳಿದ ನೌಕರಿ ನಿಜವೇ, ಮಿರಜದಲ್ಲಿ ಇನ್ನೊಂದು ಸಂಸಾರ ಇದೆಯೇ. ಸುಳ್ಳು ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಂದಲೇ ನನ್ನ ಅನ್ನ. ಕೇಳಿದ್ದೊಂದು, ಹೇಳುವುದೊಂದು ಮಾಡುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ.

ಆಟದ ಹೆಸರು ‘ಶರ್ಯತ್ತು’. ನಮ್ಮ ಕಡೆಯ ಎತ್ತಿನ ಗಾಡಿ ಓಟವನ್ನು ಫೋನಿಗೆ ಇಳಿಸಿದ್ದಾರೆ. ಓಟದ ಹಾದಿಗಳೂ ನಮ್ಮ ಊರುಗಳವೇ, ಅಲ್ಲಿನ ಕಟ್ಟಡಗಳ ಸಮೇತ. ಆಡಲು ದುಡ್ಡು ಬೇಡ. ಆದರೆ ಒಳ್ಳೆಯ ಎತ್ತು ಬೇಕೆಂದರೆ ಮುಚ್ಚಿದ ಪೆಟ್ಟಿಗೆ ಕೊಳ್ಳಬೇಕು. ಒಳಗೆ ಏನಿದೆ ಎಂಬುದು ತೆರೆದ ಮೇಲೆಯೇ ಗೊತ್ತಾಗುವುದು. ಮುಚ್ಚಳದ ಮೇಲೆ ಧವಳ್ಯಾ ಎಂಬ ಬಿಳಿ ಹೋರಿಯ ಚಂದದ ಚಿತ್ರ. ತೆರೆದರೆ ಗೆಜ್ಜೆ, ಇಲ್ಲದಿದ್ದರೆ ಒಂದು ಹಿಡಿ ಹಿಂಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆ ವಿಚಾರಿಸಿದ್ದೆ. ತನಗೆ ಧವಳ್ಯಾ ಸಿಕ್ಕಿತೆಂದು ನನ್ನೆದುರು ತೋರಿಸಿದವರು ಒಬ್ಬರೂ ಇರಲಿಲ್ಲ.

“ಪೆಟಗಿ ಹಾಳಾಗ್ಲಿ, ಹಾದಿಗೂ ಕೀಲಿ ಹಾಕ್ಯಾರ ನೋಡ ನೀಲಮಾ,” ಎಂದಳು ತಾರಾಬಾಯಿ. ಬಜಾರಿನಲ್ಲಿ ಬಾಳೆಹಣ್ಣು ಮಾರುವ ಈ ಅಜ್ಜಿ ಆಟದಲ್ಲಿ ಮೊಮ್ಮಕ್ಕಳಿಗೆ ನೀರು ಕುಡಿಸುತ್ತಾಳೆ. “ಜುಗೂಳ ಹೊಳಿದಂಡಿ ಓಟಾ ತೆರೀಬೇಕಂದ್ರ ಕೀಲಿಕೈ ಕೊಳ್ಳಬೇಕಂತ. ಜುಗೂಳ ನನ್ನ ತವರಮನಿ. ತವರಮನಿಗಿ ಹೋಗಾಕ ನಾ ಕೀಲಿಕೈ ಕೊಳ್ಳಲೇನ?”

ಈ ಕೀಲಿಯ ಮೇಲೆ ಮೊದಲು ಸಿಟ್ಟಿಗೆದ್ದವನೇ ಮಹಾದೇವ. ಜುಗೂಳದಲ್ಲಿ ಎತ್ತು ಸಾಕಿ ಶರ್ಯತ್ತಿಗೆ ಬಿಡುವವನು. ‘ದಿನಾ ನನ್ನ ಎತ್ತಿನ ಮೈ ತೊಳಿಯೂ ಹೊಳಿದಂಡಿಗಿ ಕೀಲಿ ಹಾಕಾಕ ಇವರ್ಯಾರು?’ ಎಂದು ಅವನು ಹರಿಬಿಟ್ಟ ಧ್ವನಿ ಸಂದೇಶ ಎಲ್ಲ ತಾಲೂಕು ಸುತ್ತಿತು. ಜನ ಪೆಟ್ಟಿಗೆ ಕೊಳ್ಳುವುದನ್ನೇ ನಿಲ್ಲಿಸಿದರು. ನಿಪ್ಪಾಣಿಯಲ್ಲಿ ನಡೆಯಲಿದ್ದ ದೊಡ್ಡ ಸ್ಪರ್ಧೆಯ ವೇದಿಕೆ ಹತ್ತಿ, ಪೆಟ್ಟಿಗೆಯಲ್ಲಿ ಹೋರಿಯೇ ಇಲ್ಲ ಎಂದು ಎಲ್ಲರೆದುರು ಹೇಳುವವನಿದ್ದ. ಹೋದ ವಾರ, ಕಂಪನಿಯವರು ಮಾತಿಗೆ ಕರೆದಿದ್ದಾರೆಂದು ಮನೆಯಿಂದ ಹೊರಟವನು ತಿರುಗಿ ಬಂದಿಲ್ಲ.

ಬಂದದ್ದು ಅವನ ಹೆಸರಿನಲ್ಲಿ ಒಂದು ಬರಹ. ‘ನನಗೆ ಧವಳ್ಯಾ ಸಿಕ್ಕ. ಪೆಟ್ಟಿಗೆಯಲ್ಲಿ ಮೋಸವಿಲ್ಲ. ನಾನೇ ತಪ್ಪು ತಿಳಿದಿದ್ದೆ.’ ಅಂದಿನಿಂದ ಆಟಗಾರರಿಗೆ ಅವನು ಕಾಣೆಯಾದವನಲ್ಲ, ತಮ್ಮ ಕೈಬಿಟ್ಟು ಕಂಪನಿಯ ಪಾಲಾದವನು.

ಅವನ ಹೆಂಡತಿ ಸುಜಾತಾ ನನ್ನ ಬೆನ್ನ ಹಿಂದೆಯೇ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಫೋನ್ ಮಾಡಿದರೆ ಗಂಡ ಸಿಗುವುದಿಲ್ಲ. ಆಟ ತೆರೆದರೆ ಅವನ ಹೆಸರಿನ ಪಕ್ಕ, ಈಗ ಆಟದಲ್ಲಿದ್ದಾನೆ ಎನ್ನುವ ಹಸಿರು ಚುಕ್ಕೆ ಉರಿಯುತ್ತದೆ. ಸಿಮ್ ತೆಗೆದು ಯಾರದೋ ವೈಫೈ ಮೇಲೆ ಆಡುತ್ತಿದ್ದಾನೆ ಎಂದು ಧನಪಾಲ ಹೇಳಿದ್ದ. ಆಟದಲ್ಲಿ ಒಬ್ಬರ ಎತ್ತಿಗೆ ಇನ್ನೊಬ್ಬರು ಹಿಂಡಿ ಕಳಿಸಬಹುದು. ಕಳಿಸಿದರೆ ಆ ಫೋನಿನಲ್ಲಿ ಗೆಜ್ಜೆ ಘಲ್ಲೆನ್ನುತ್ತದೆ. ಸುಜಾತಾ ದಿನಾ ಹಿಂಡಿ ಕಳಿಸುತ್ತಿದ್ದಳು. ಅವನು ಒಂದು ದಿನವೂ ಮರುಮಾತು ಕಳಿಸಿರಲಿಲ್ಲ.

“ಚುಕ್ಕಿ ಹತ್ತೈತಿ ಅಂದ್ರ ತಮ್ಮ ಆರಾಮ ಅದಾನ. ಠಾಣಾಕ್ಕ ಹೋಗಿ ಮನಿ ಮಾನಾ ಕಳೀಬ್ಯಾಡ,” ಎಂದಿದ್ದನಂತೆ ಅವಳ ಭಾವ ಭೀಮಸಿ. ಮಹಾದೇವನ ಒಡಹುಟ್ಟಿದ ಅಣ್ಣ. ಪೆಟ್ಟಿಗೆಯ ಮೇಲಿನ ಧವಳ್ಯಾನ ಚಿತ್ರ ತೆಗೆದದ್ದು ಈ ಭೀಮಸಿಯ ಹೋರಿಯನ್ನು ನೋಡಿಯೇ. ಸ್ಪರ್ಧೆಯ ದಿನ ಆ ಹೋರಿಯನ್ನು ಸಿಂಗರಿಸಿ ವೇದಿಕೆಗೆ ತರುವವನು ಅವನೇ. ಆ ಹೆಮ್ಮೆ ಶುರುವಾದಾಗಿನಿಂದ ಅಣ್ಣ ತಮ್ಮಂದಿರಲ್ಲಿ ಮಾತು ಕಡಿಮೆಯಾಗಿತ್ತು.

ಸುಜಾತಾ ನನ್ನಲ್ಲಿಗೆ ಬಂದಾಗ ಅವಳಿಗಿದ್ದದ್ದು ಹೆದರಿಕೆಯಲ್ಲ, ಕೋಪ. “ಎಲ್ಲಿ ಕುಂತ ಆಡಾಕತ್ತಾರ ಅಷ್ಟ ಹುಡುಕಿ ಕೊಡ್ರಿ ಅಕ್ಕಾರ. ಮುಂದಿಂದು ನಾ ನೋಡ್ಕೋತೀನಿ,” ಎಂದಿದ್ದಳು.

ಮಾಳೇಶನ ಗೋಳು ಇನ್ನೂ ನಿಂತಿರಲಿಲ್ಲ.

“ಧವಳ್ಯಾ ಅಂದ್ರ ಏನ ದೊಡ್ಡಸ್ತಿಕಿ ಅಂತೀನಿ! ಆ ಹೋರಿನೂ ಡುಪ್ಲಿಕೇಟ ಐತಿ. ಆಟದಾಗಿನ ನಿಪ್ಪಾಣಿ ಹಾದ್ಯಾಗ ಮಹಾದೇವ ನನ್ನ ಗಾಡಿ ಹಿಂದ ಹಾಕಿ ಬುರ್ರಂತ ಹೊಂಟಿದ್ದ. ತಂಬಾಕು ತುಂಬಿಡೂ ವಖಾರಿ ಮುಂದ ಬಂದ್ಕೂಡ್ಲೆ ಗಪ್ಪನ ನಿಂತ್ಬಿಡ್ತು. ಹಿಂದಕ ಬಂತು, ಮತ್ತ ವಖಾರಿ ಮುಂದ ನಿಂತಿತು. ಇನ್ನಷ್ಟ ಹಿಂಡಿ ಕೊಳ್ಳಲಿ ಅಂತ ಕಂಪನಿಯವ್ರು ಮಾಡಿದ ಹಿಕಮತ್ತಿದು…”

“ಸಾಕು ಮಾರಾಯಾ!” ನನ್ನ ದನಿ ಏರಿತು. “ನಿನ್ನ ಹಿಂಡಿ, ನಿನ್ನ ಹೋರಿ, ನಿನ್ನ ವಖಾರಿ! ಯಾವಾಗಿನ ಮಾತಿದು?”

“ನಿನ್ನೀದ ರೀ. ನಿನ್ನೆ ಮಧ್ಯಾಹ್ನ ನನಗ ಅವಗ ಓಟ ಇತ್ತು.”

ಹಿಂದಿನಿಂದ ಸುಜಾತಾಳ ದನಿ ಬಂತು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

“ನಿನ್ನೆ ಸೋಮವಾರ.”

ತಾರಾಬಾಯಿ ಫೋನನ್ನು ಮಡಿಲಿಗೆ ಇಳಿಸಿದಳು.

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಎತ್ತು ಸಾಕುವ ಮನೆಗಳಲ್ಲಿ ಅಂದು ನೊಗ ಮುಟ್ಟುವುದಿಲ್ಲ. ಮೈ ತೊಳೆದು, ಮೇಯಿಸಿ, ಕೈ ಮುಗಿದು ಬಿಡುತ್ತಾರೆ. ಇದು ಹೊಸ ಸಂಗತಿಯೇನಲ್ಲ. ಆದರೆ ಫೋನಿನೊಳಗಿನ ಎತ್ತಿಗೂ ಸೋಮವಾರ ಬಿಡುವು ಕೊಡುವವನು ಇಡೀ ಸೀಮೆಯಲ್ಲಿ ಒಬ್ಬನೇ ಇದ್ದ. ಅದಕ್ಕಾಗಿ ಇದೇ ಅಂಗಡಿಯಲ್ಲಿ ಎಲ್ಲರೂ ಅವನನ್ನು ಕಾಡಿದ್ದರು.

“ಹೌದಲ್ರಿ,” ಎಂದ ಮಾಳೇಶ ಮೆಲ್ಲಗೆ. “ಸೋಮವಾರ ಕರದ್ರ ಬೈತಿದ್ದ ಅಂವ. ಹೋರಿ ಸಿಟ್ಟಿನಾಗ ನನಗ ನೆನಪ ಆಗ್ಲಿಲ್ಲ ನೋಡ್ರಿ.”

ಸುಜಾತಾ ನನ್ನ ತೋಳು ಹಿಡಿದಳು. “ಆಡಿದವ್ರು ಅವ್ರಲ್ಲ ಅಕ್ಕಾರ. ಹಂಗಾದ್ರ ಅವ್ರ ಫೋನ್ ಯಾರ ಕೈಯಾಗೈತಿ? ಅವ್ರು ಎಲ್ಲಿ ಅದಾರ?”

ಕೋಪವೆಲ್ಲ ಇಳಿದು ಹೋಗಿತ್ತು. ಇಷ್ಟು ದಿನ ಅವಳು ಗಂಡನ ಉಸಿರೆಂದು ನಂಬಿದ್ದು ಆ ಹಸಿರು ಚುಕ್ಕೆಯನ್ನು. ಸ್ಕೂಟಿ ತಿರುಗಿಸಿ, ಅವಳನ್ನು ಹಿಂದೆ ಕೂರಿಸಿಕೊಂಡು ನಿಪ್ಪಾಣಿಯ ದಾರಿ ಹಿಡಿದೆ.

ಮಹಾದೇವನನ್ನು ಮಾತಿಗೆ ಕರೆದಿದ್ದವನು ಸಂಗ್ರಾಮ. ‘ಶರ್ಯತ್ತು’ ಆಟದ ಪ್ರಚಾರ, ಸ್ಪರ್ಧೆ ಎಲ್ಲವನ್ನೂ ಈ ಭಾಗದಲ್ಲಿ ನೋಡಿಕೊಳ್ಳುವವನು. ನಿಪ್ಪಾಣಿಯ ಹಳೆಯ ಕಟ್ಟಡವೊಂದರಲ್ಲಿ ಅವನ ಆಫೀಸು. ಹೊರಗೆ ಕಲ್ಲಿನ ಗೋಡೆ, ಒಳಗೆ ಗಾಜಿನ ಮೇಜು, ಏಸಿ, ಗೋಡೆಯುದ್ದದ ಟಿವಿ. ಹಿಂಬದಿಯಲ್ಲಿ ಮಾತ್ರ ಹಳೆಯ ಕಾಲದ ಮರದ ಬಾಗಿಲು, ಅದಕ್ಕೊಂದು ದೊಡ್ಡ ಕೀಲಿ.

“ಬರ್ರಿ ಮೇಡಂ, ಬಸಾ ಬಸಾ, ಕುಂಡ್ರಿ. ಚಹಾ?” ಇಸ್ತ್ರಿ ಮುರಿಯದ ಅಂಗಿ, ಇಸ್ತ್ರಿ ಮುರಿಯದ ನಗು.

“ಚಹಾ ಬ್ಯಾಡ. ಮಹಾದೇವ ಎಲ್ಲದಾನ?”

“ಅರೆ, ಹೇಳಿಲ್ಲೇನು ಮನ್ಯಾಗ? ಅವರು ಈಗ ನಮ್ಮವರು. ಕೊಲ್ಹಾಪುರದಾಗ ಹೋಟೆಲಿನಾಗ ಇಟ್ಟೀವಿ. ಸ್ಪರ್ಧಾ ಮುಗಿಯೂತನಕ ನಮ್ಮ ಪ್ರಚಾರಕ್ಕ ಬೇಕು.”

“ಫೋನ್ ಯಾಕ ಎತ್ತೂದಿಲ್ಲ?”

“ಜನಾ ಭಾಳ ಬೈದ್ರರಿ ಅವರಿಗೆ. ಮನಸ್ಸಿಗೆ ಹಚ್ಕೊಂಡು ಸಿಮ್ ತಗದಾರ.” ಅವನು ಕುರ್ಚಿಯಲ್ಲಿ ಒರಗಿದ. “ಈ ಆಟಗಾರ ಮಂದಿ ನನಗ ತಿಳಿಯೂದೇ ಇಲ್ಲ ಮೇಡಂ. ಆಟ ಫುಕಟ್ ಐತಿ. ಪೆಟಗಿ ತೆಗೀರಿ ಅಂತ ಯಾರರ ಕೈ ಹಿಡದ ಜಗ್ಗೀವೇನು?”

“ಪೆಟಗ್ಯಾಗ ಹೋರಿ ಐತೋ ಇಲ್ಲೋ?”

“ಐತಿ ಅಂತ ಅವರಿಗೆ ಆಸೆ ಐತಲ್ಲ, ಅದ ಮುಖ್ಯ.”

“ನಾ ಕೇಳಿದ್ದು ಹೋರಿ. ಐತೋ, ಇಲ್ಲೋ?”

“ಅದು ಕಂಪನಿಯ ಗುಟ್ಟು ಮೇಡಂ.”

ಬೆಳಗಿನಿಂದ ಒಂದು ಪ್ರಶ್ನೆಗೂ ನೆಟ್ಟಗಿನ ಉತ್ತರ ಸಿಕ್ಕಿರಲಿಲ್ಲ. ಆ ಮಾಳೇಶನಾದರೂ ಪಾಪ, ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದ. ಈ ಮನುಷ್ಯ ಬಾಯಿ ತುಂಬ ಮಾತಾಡಿ ಏನನ್ನೂ ಹೇಳುತ್ತಿರಲಿಲ್ಲ. ಅವನ ಗಾಜಿನ ಮೇಜನ್ನು ಒದೆಯಬೇಕೆನಿಸಿತು.

“ನಿನ್ನೆ ಓಟ ಆಡಿದವ್ರು ಯಾರು?” ಎಂದು ಕೇಳಿದೆ.

“ಯಾರಂದ್ರ? ಅವರ. ನಾ ಬಾಜೂಕ್ಕ ಕುಂತಿದ್ನಿ.”

“ಸೋಮವಾರ ಆಡಿದ್ರಾ?”

“ಸೋಮವಾರ ಆದ್ರೇನು? ಎಲ್ಲಾ ದಿವಸನೂ ಆಡ್ತಾರಲ್ಲ.” ಅವನ ಮುಖದಲ್ಲಿ ನಿಜವಾಗಿಯೂ ಏನೂ ಹೊಳೆದಂತಿರಲಿಲ್ಲ. ಎತ್ತಿನ ಆಟ ಮಾರುವವನಿಗೆ ಎತ್ತಿನ ವಾರವೇ ಗೊತ್ತಿರಲಿಲ್ಲ. “ನಂಬಿಕಿ ಇಲ್ಲೇನು? ನೋಡ್ರಿ ಹಂಗಾರ. ಸಾಕ್ಷಿದಾರರು ಇಲ್ಲೇ ನಿಪ್ಪಾಣ್ಯಾಗ ಅದಾರ, ಅವರನ್ನೂ ಕರಸ್ತೀನಿ.”

ಅವನು ಫೋನಿನಲ್ಲಿ ಯಾರಿಗೋ ಏನನ್ನೋ ಬರೆದು ಕಳಿಸಿದ. ಆಮೇಲೆ ಗೋಡೆಯ ಟಿವಿ ಹಚ್ಚಿ ನಿನ್ನೆಯ ಓಟವನ್ನು ಹಾಕಿದ. ಪ್ರಚಾರಕ್ಕೆಂದು ಅದನ್ನು ಉಳಿಸಿಕೊಂಡಿದ್ದರಂತೆ.

ಎರಡು ಗಾಡಿಗಳು ಸಾಲಾಗಿ ನಿಂತಿದ್ದವು. ಒಂದರಲ್ಲಿ ಮಾಳೇಶನ ಕಂದು ಎತ್ತು, ಇನ್ನೊಂದರಲ್ಲಿ ಹಾಲಿನಂಥ ಧವಳ್ಯಾ. ನಿಶಾನೆ ಬೀಳುವ ಮುಂಚೆ ಬಿಳಿ ಹೋರಿಯ ಗಾಡಿ ಒಂದು ಹೆಜ್ಜೆ ಹಿಂದೆ ಸರಿಯಿತು, ನಿಂತಿತು, ಮತ್ತೆ ಸ್ವಲ್ಪ ಹಿಂದೆ ಸರಿಯಿತು.

ಸುಜಾತಾಳ ಉಗುರು ನನ್ನ ಅಂಗೈಗೆ ನಾಟಿತು. ಅವಳು ಕಿವಿಯಲ್ಲಿ ಹೇಳಿದಳು: “ಇದು ಅವ್ರ. ಎತ್ತಿನ ಕೊಳ್ಳಾಗಿನ ಜತಿಗಿ ಪಟ್ಟಿ ಸಡ್ಲ ಕೊಡಾಕ ಹಿಂಗ ಹಿಂದ ತರ್ತಾರ. ಹೊಲದಾಗೂ ಹಿಂಗ, ಫೋನಿನ್ಯಾಗೂ ಹಿಂಗ. ಇದನ್ನ ಬ್ಯಾರೇದವ್ರು ಮಾಡೂದಿಲ್ಲ.”

ಹಾಗಾದರೆ ಬದುಕಿದ್ದಾನೆ. ನಿನ್ನೆ ಮಧ್ಯಾಹ್ನದವರೆಗಂತೂ ಬದುಕಿದ್ದ. ಆಡಿದವನೂ ಅವನೇ. ಫೋನಿನ ಎತ್ತಿಗೂ ವಾರದ ಬಿಡುವು ಕೊಡುವವನು ಸೋಮವಾರ ಗಾಡಿ ಹೂಡಿದ್ದ.

ಬಲವಂತಕ್ಕೆ ಹೂಡಿದನೇ? ಇರಬಹುದು. ಆದರೆ ಆಡಲಾರೆ ಎನ್ನುವುದಕ್ಕೆ ಅವನಿಗೆ ನೂರು ನೆಪ ಇದ್ದವು. ಹೂಡಿದರೆ ಸಂಗ್ರಾಮನಿಗೆ ಏನೂ ಅನ್ನಿಸುವುದಿಲ್ಲ, ಮಾಳೇಶನಿಗೆ ಏನೂ ಅನ್ನಿಸುವುದಿಲ್ಲ. ಕೇಳಿದ ತಕ್ಷಣ ಎದೆ ಧಸಕ್ಕೆನ್ನುವುದು ಒಬ್ಬಳಿಗೆ ಮಾತ್ರ. ದಿನಾ ಹಿಂಡಿ ಕಳಿಸುತ್ತಿದ್ದವಳಿಗೆ ಅವನು ಕೊಟ್ಟ ಉತ್ತರ ಇದೇ ಎಂದು ನನಗೆ ಆಗ ಹೊಳೆಯಿತು.

ಟಿವಿಯಲ್ಲಿ ಗಾಡಿ ಓಡುತ್ತಿತ್ತು. ಕಲ್ಲಿನ ಗೋಡೆ, ಹೆಂಚಿನ ಇಳಿಜಾರು ಮಾಡು, ದೊಡ್ಡ ಮರದ ಬಾಗಿಲಿನ ಕಟ್ಟಡವೊಂದು ಬಂತು. ಧವಳ್ಯಾ ಅದರ ಮುಂದೆ ನಿಂತಿತು. ಹಿಂದೆ ಬಂದು ಮತ್ತೆ ಅಲ್ಲಿಯೇ ನಿಂತಿತು. ಮಾಳೇಶನ ಗಾಡಿ ಪಕ್ಕದಿಂದ ದಾಟಿ ಗೆದ್ದಿತು.

“ನೋಡಿದ್ರ್ಯಾ? ಬಡವನ್ನ ಗೆಲ್ಲಿಸಿದ್ರು. ದೊಡ್ಡ ಮನಸ್ಸು!” ಎಂದ ಸಂಗ್ರಾಮ.

ತಂಬಾಕು ವಖಾರಿ. ಮಾಳೇಶ ಹೇಳಿದ್ದ. ಗೋಳಾಡುತ್ತಲೇ ಹೇಳಿದ್ದ. ನಾನೇ ಸಾಕು ಮಾರಾಯಾ ಎಂದು ಬಾಯಿ ಮುಚ್ಚಿಸಿದ್ದೆ.

ನಾನು ಮೆಲ್ಲಗೆ ತಲೆ ಎತ್ತಿದೆ. ಏಸಿಯ ಮೇಲೆ ಹಳೆಯ ಹೆಂಚಿನ ಮಾಡು. ಸುಣ್ಣ ಬಣ್ಣ ಬಳಿದರೂ ಗೋಡೆಯಿಂದ ತಂಬಾಕಿನ ಘಾಟು ಹೋಗಿರಲಿಲ್ಲ. ಹೊರಗಿನ ಬಾಗಿಲು ಗಾಜಿನದು ಮಾಡಿಸಿದ್ದರು, ಅಷ್ಟೇ. ನಾವು ಕುಳಿತದ್ದು ವಖಾರಿಯಲ್ಲಿಯೇ. ನನ್ನ ಕಣ್ಣು ಹಿಂಬದಿಯ ಕೀಲಿ ಹಾಕಿದ ಬಾಗಿಲ ಮೇಲೆ ನಿಂತಿತು.

ಎದ್ದು ಹೊರಗೆ ಹೋಗಿ ಪೊಲೀಸರಿಗೆ ಫೋನ್ ಮಾಡಬೇಕು, ಇವನಿಗೆ ಅನುಮಾನ ಬರಬಾರದು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಸುಜಾತಾ ತನ್ನ ಫೋನ್ ನೋಡಿ ಬೆಚ್ಚಿದಳು.

“ಅಕ್ಕಾರ, ಮುಂಜಾನಿಂದ ಇದ್ದಿದ್ದಿಲ್ಲ. ಈಗ ಚುಕ್ಕಿ ಹತ್ತಿತು.”

ನಾನು ಬೇಡ ಎನ್ನುವ ಮೊದಲೇ ಅವಳ ಹೆಬ್ಬೆರಳು ಹಿಂಡಿ ಕಳಿಸಿಯಾಗಿತ್ತು.

ಘಲ್.

ಗೆಜ್ಜೆ ನುಡಿದದ್ದು ಕೀಲಿ ಹಾಕಿದ ಬಾಗಿಲ ಹಿಂದಿನಿಂದಲ್ಲ. ನಮ್ಮ ಬೆನ್ನ ಹಿಂದಿನಿಂದ. ಗಾಜಿನ ಬಾಗಿಲು ತಳ್ಳಿಕೊಂಡು ಆಗಷ್ಟೇ ಒಳಗೆ ಬಂದವನ ಅಂಗಿಯ ಕಿಸೆಯಿಂದ. ಆಫೀಸಿನ ವೈಫೈ ಸಿಕ್ಕೊಡನೆ ಆ ಫೋನಿನಲ್ಲಿ ಆಟ ಜೀವ ಪಡೆದಿತ್ತು.

“ಭಾವಾರ!” ಎಂದಳು ಸುಜಾತಾ.

ಭೀಮಸಿ ಕಿಸೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಸಾಕ್ಷಿ ಹೇಳಲು ಬಂದವನಿಗೆ ಯಾರ ಮುಂದೆ ಹೇಳಬೇಕೆಂದು ಯಾರೂ ತಿಳಿಸಿರಲಿಲ್ಲ.

“ಅವ್ರ ಫೋನ್ ನಿಮ್ಮ ಕಡೆ ಹೆಂಗ ಬಂತು? ತಮ್ಮ ಆರಾಮ ಅದಾನ ಅಂತ ನನ್ನ ಮುಂದ ಆಣಿ ಮಾಡಿ ಹೇಳಿದ್ರಲ್ಲ ಭಾವಾರ!”

“ಸುಜಾತಾ, ಹಂಗಲ್ಲವಾ… ಸ್ಪರ್ಧಾ ಆಗೂಮಟ ಅಷ್ಟ ಇಲ್ಲಿ ಇರ್ಲಿ ಅಂತ… ದಿನಾ ಊಟಾ ನಾನ ತಂದ ಕೊಡ್ತಿದ್ನಿ. ಅವನ ಮೈಮ್ಯಾಲೆ ಯಾರೂ ಕೈ ಹಚ್ಚಿಲ್ಲ.”

“ಕೀಲಿ ತೆಗೀರಿ,” ಎಂದಳು ಅವಳು.

“ಅಲ್ಲಿ ಯಾರೂ ಇಲ್ಲ,” ಎಂದ ಭೀಮಸಿ.

“ಕೀಲಿ ತೆಗೀರಿ ಅಂದ್ನಿ!”

ಆದರೆ ಯಾರೂ ಇಲ್ಲ ಎಂಬ ಮಾತಿಗೆ ಅವಳಿಗಿಂತ ಹೆಚ್ಚು ಬೆಚ್ಚಿದವನು ಸಂಗ್ರಾಮ. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. “ಯಾರೂ ಇಲ್ಲ ಅಂದ್ರೇನು?”

ಅವನು ದಿನಾ ಊಟ ಒಯ್ಯುವ ಭೀಮಸಿಯ ಸೊಂಟದಿಂದ ಕೀಲಿಕೈ ಕಸಿದುಕೊಂಡು ತಾನೇ ಬಾಗಿಲು ತೆರೆದ. ಒಳಗೆ ಒಂದು ಚಾಪೆ, ತೊಳೆದಿಟ್ಟ ತಾಟು, ಗೋಡೆಯಲ್ಲಿ ಚಾರ್ಜರ್. ಮನುಷ್ಯನಿರಲಿಲ್ಲ.

“ಎಲ್ಲಿ ಹೋದ? ಬಿಟ್ಟ ಕಳಿಸಿದಿ ಏನಲೇ?”

ಭೀಮಸಿ ಒಂದು ಹೆಜ್ಜೆ ಹಿಂದೆ ಸರಿದ. “ನಿಮ್ಮ ಮಂದೀನ ಬಂದಿದ್ರಲ್ಲ ಸಾಹೇಬ್ರ, ನಿನ್ನೆ ಸಂಜಿಕ. ನೀವು ಹೇಳೀರಿ ಅಂದ್ರು. ಕಾರಿನ್ಯಾಗ ಕುಂಡ್ರಿಸ್ಕೊಂಡ ಹ್ವಾದ್ರು. ಫೋನ್ ಅಷ್ಟ ನನ್ನ ಕಡೆ ಕೊಟ್ಟ ಹ್ವಾದ್ರು.”

“ನಾ ಯಾರನ್ನೂ ಕಳಿಸಿಲ್ಲ,” ಎಂದ ಸಂಗ್ರಾಮ.

ಇಡೀ ದಿನದಲ್ಲಿ ಅವನು ಹೇಳಿದ ಮೊದಲ ನಿಜ ಅದು. ಅವನ ಮುಖ ನೋಡಿದ ಯಾರಿಗೂ ಅನುಮಾನ ಉಳಿಯುವಂತಿರಲಿಲ್ಲ.

ಸುಜಾತಾ ಇಬ್ಬರನ್ನೂ ಲೆಕ್ಕಿಸದೆ ಒಳಗೆ ಹೋದಳು. ಚಾಪೆಯ ಪಕ್ಕ ಬಗ್ಗಿ ಏನನ್ನೋ ಎತ್ತಿಕೊಂಡು ಬಂದಳು. ಅಥಣಿಯ ಚರ್ಮದ ಚಪ್ಪಲಿ, ಹೆಬ್ಬೆರಳಿನ ಕಡೆ ಸವೆದದ್ದು. ಅದನ್ನು ಸೆರಗಿನಿಂದ ಒರೆಸುತ್ತ ಭಾವನ ಎದುರು ನಿಂತಳು.

“ತಾವಾಗೇ ಹೋಗಿದ್ರ ಇವನ್ನ ಮೆಟ್ಕೊಂಡ ಹೋಗ್ತಿದ್ರಲ್ಲ ಭಾವಾರ?”

ಅವನನ್ನು ಒಯ್ದವರು ಯಾರೆಂದು ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವಳು ಮೇಜಿನ ಮೇಲೆ ಬಿಟ್ಟುಹೋಗಿದ್ದ ಫೋನಿನಲ್ಲಿ ಮಹಾದೇವನ ಹೆಸರಿನ ಪಕ್ಕ ಹಸಿರು ಚುಕ್ಕೆ ಇನ್ನೂ ಉರಿಯುತ್ತಿತ್ತು.